ಕಡೆಗಾಲಕ್ಕೆಂದು ಎತ್ತಿಟ್ಟ ಗುಳಿಗೆ

ನಮ್ಮ ಕಡೆಯ ಕುರಿಗಾರರಲ್ಲಿ ಹೈಸ್ಕೂಲು ಮುಗಿಸಿದವನು ಬಹಳ ಕಾಲ ನಾನೊಬ್ಬನೇ ಇದ್ದೆ. ಹಾಗಾಗಿ ಹಿಂಡಿನ ಔಷಧವೆಲ್ಲ ನನ್ನ ಕೈಗೆ ಬಂತು. ಗೋಕಾಕದ ಅಂಗಡಿಗೆ ಹೋಗಿ ಬಾಟಲಿ ತರುವುದು, ಅದರ ಮೇಲಿನ ಸಣ್ಣ ಅಕ್ಷರ ಓದುವುದು, ಯಾವ ಕುರಿಗೆ ಎಷ್ಟು ಎಂದು ಹೇಳುವುದು ನನ್ನ ಕೆಲಸ. ಧುಪದಾಳದಿಂದ ಹುಕ್ಕೇರಿಯ ತನಕ ಯಾರ ಹಿಂಡಿನಲ್ಲಿ ಕುರಿ ಬಿದ್ದರೂ ನನ್ನನ್ನು ಕರೆಯುತ್ತಿದ್ದರು. ನನಗೆ ಅದರ ಸೊಕ್ಕೂ ಇತ್ತು.

ನಾನು ಎಲ್ಲರಿಗೂ ಹೇಳುತ್ತಿದ್ದ ಮಾತೊಂದಿತ್ತು. ಜಂತಿನ ಔಷಧದಲ್ಲಿ ಬಲವಾದದ್ದನ್ನು ಮೊದಲೇ ಹಾಕಬಾರದು. ಹೊಟ್ಟೆಯೊಳಗಿನ ಜಂತು ಔಷಧಕ್ಕೆ ಪಳಗುತ್ತದೆ. ಸಣ್ಣ ಸಣ್ಣದಕ್ಕೂ ಜೋರಿನ ಔಷಧ ಹಾಕಿದವರ ಹಿಂಡಿನಲ್ಲಿ ಮಳೆಗಾಲ ಬಂದಾಗ ಯಾವ ಔಷಧವೂ ನಾಟದೆ, ಗದ್ದ ಬಾತು ಕುರಿಗಳು ಸಾಲಾಗಿ ಸತ್ತದ್ದನ್ನು ನಾನು ಕಂಡಿದ್ದೆ. ಅದಕ್ಕೇ ನನ್ನ ತಗಡಿನ ಪೆಟ್ಟಿಗೆಯಲ್ಲಿ ಬಲವಾದ ಬಾಟಲಿ ಯಾವಾಗಲೂ ತಳದಲ್ಲಿರುತ್ತಿತ್ತು. ಮಳೆಗೆ ಹೊಳೆಯ ನೀರು ಕೆಂಪಾಗುವ ತನಕ ಅದರ ಮುಚ್ಚಳ ತೆಗೆಯುತ್ತಿರಲಿಲ್ಲ. ಕುರಿಯ ಮಟ್ಟಿಗೆ ಈ ಮಾತು ಸುಳ್ಳಲ್ಲ. ಇದೇ ಮಾತನ್ನು ಹಿಡಿದುಕೊಂಡು ನಾನು ನನ್ನ ಹೆಂಡತಿಯನ್ನು ತಿಂಗಳುಗಟ್ಟಲೆ ನರಳಿಸಿದೆ.

ಇನ್ನೊಂದು ಸಂಗತಿಯನ್ನೂ ಮೊದಲೇ ಹೇಳಿಬಿಡಬೇಕು. ಆಡಿಗೆ ಒಂದು ಮುಳ್ಳು ಚುಚ್ಚಿದರೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಕುರಿ ಹಾಗಲ್ಲ. ಕಾಲು ಮುರಿದರೂ ಸುಮ್ಮನೆ ನಿಲ್ಲುತ್ತದೆ. ಕಿವಿ ಜೋಲುತ್ತದೆ, ಮೆಲುಕು ನಿಲ್ಲುತ್ತದೆ, ಬಾಯಿಯಲ್ಲಿದ್ದ ಹುಲ್ಲು ಬಾಯಿಯಲ್ಲೇ ಉಳಿಯುತ್ತದೆ. ಅಷ್ಟು ದೂರದಿಂದ ನೋಡಿ, ಆ ಕುರಿಗೆ ನೋವಿದೆ ಎಂದು ನಾನು ಹೇಳುತ್ತಿದ್ದೆ. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಅವಳ ಟೊಂಕ ಹಿಡಿಯಲು ಶುರುವಾಗಿ ಒಂದು ವರ್ಷವಾದ ಮೇಲೆ ನಾವು ಆಸ್ಪತ್ರೆಗೆ ಹೋದೆವು. ಅಷ್ಟು ದಿನ ಅವಳು ಉಣ್ಣೆ ನೂಲುತ್ತ ಕುಳಿತವಳು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳುತ್ತಿದ್ದಳು. ಮಾತು ಕಡಿಮೆಯಾಗಿತ್ತು. ವಯಸ್ಸಾಯಿತು, ಸಿಟ್ಟು ಹೆಚ್ಚಾಗಿದೆ ಎಂದುಕೊಂಡಿದ್ದೆ. ರಕ್ತ ಹೋಗುವುದನ್ನು ಅವಳು ನನಗೆ ಹೇಳಿರಲಿಲ್ಲ. ಗೋಕಾಕದಲ್ಲಿ ನೋಡಿದವರು ಬೆಳಗಾವಿಗೆ ಕಳಿಸಿದರು. ಬೆಳಗಾವಿಯಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದರು, ಎಲುಬಿಗೂ ಹೋಗಿದೆ ಎಂದರು.

ಅಲ್ಲಿ ನೋವಿನ ಔಷಧ ಕೊಡುವ ಡಾಕ್ಟರು ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಹೊರಗೆ ಕರೆದು ಹೇಳಿದಳು.

“ಬ್ಯಾನಿ ಹೋಗೂದಿಲ್ರಿ ಕಾಕಾ. ಆದರ ನೋವಿನ ತ್ರಾಸ ಹೋಗ್ತೈತಿ. ಅಷ್ಟ ನಮ್ಮ ಕೈಯಾಗ ಐತಿ.”

ಔಷಧದ ಹೆಸರು ಮಾರ್ಫಿನ್ ಎಂದಳು. ಅದನ್ನು ಯಾತರಿಂದ ಮಾಡುತ್ತಾರೆ ಎಂದು ನಾನು ಕೇಳಿದೆ. ಬಾಟಲಿ ಓದಿ ರೂಢಿಯಾದವನಲ್ಲವೇ.

“ಅಫೂದಿಂದರಿ,” ಎಂದಳು. “ಹೆದರಬ್ಯಾಡ್ರಿ. ತ್ರಾಸ ಇದ್ದವರಿಗೆ ಲೆಕ್ಕ ಹಿಡದು ಕೊಟ್ರ ಇದು ಚಟ ಆಗೂದಿಲ್ಲ. ಆದರ ಗಡಿಯಾರ ನೋಡಿ ಕೊಡಬೇಕು. ತ್ರಾಸ ಬಂದ ಮ್ಯಾಲೆ ಕೊಡೂದಲ್ಲ, ಬರೂಕಿಂತ ಮೊದಲ ಕೊಡೂದು. ಕಡಿಮಿ ಬಿದ್ರ ನನಗ ಹೇಳ್ರಿ, ಹೆಚ್ಚ ಮಾಡೂಣು.”

ಹೊಟ್ಟೆ ಕಟ್ಟದಂತೆ ಇನ್ನೊಂದು ಔಷಧವನ್ನೂ ಬರೆದುಕೊಟ್ಟಳು. ನಾನು ತಲೆಯಾಡಿಸಿದೆ. ಅಫೂ, ಅಂದರೆ ಅಫೀಮು, ಎಂಬ ಮಾತು ಕೇಳಿದ ಮೇಲೆ ಮುಂದಿನದು ನನ್ನ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. ನಾನು ಸಣ್ಣವನಿದ್ದಾಗ ನಮ್ಮ ಓಣಿಯಲ್ಲಿ ಅಫೂ ತಿನ್ನುವ ಮುದುಕನೊಬ್ಬನಿದ್ದ. ಕಟ್ಟೆಯ ಮೇಲೆ ಕಣ್ಣು ಅರ್ಧ ಮುಚ್ಚಿ ಕುಳಿತಿರುತ್ತಿದ್ದ. ಅದಕ್ಕಾಗಿ ಈಯಲಿರುವ ಕುರಿಗಳನ್ನೂ ಮಾರಿದ್ದ. ನಾವು ಹುಡುಗರು ಅವನ ಹಿಂದೆ ಓಡಿ ಕಾಡುತ್ತಿದ್ದೆವು. ನನ್ನ ಕಣ್ಣೆದುರಿಗೆ ಅವನೇ ಬಂದು ಕುಳಿತ.

ಆಸ್ಪತ್ರೆಯಲ್ಲಿ ಅವರೇ ಹೊತ್ತು ಹೊತ್ತಿಗೆ ಕೊಟ್ಟರು. ಮೊದಲು ಒಂದೆರಡು ದಿನ ಅವಳಿಗೆ ಮಂಪರು, ಸ್ವಲ್ಪ ವಾಂತಿ. ಆಮೇಲೆ ಎದ್ದು ಕುಳಿತಳು. ಮನೆಗೆ ಕಳಿಸಿದರು.

ಬೆಳಗಾವಿಯಿಂದ ಹುಕ್ಕೇರಿಗೆ ಬಸ್ಸು. ಕಿಟಕಿಯ ಬಳಿ ಅವಳನ್ನು ಕೂರಿಸಿ ಪಕ್ಕಕ್ಕೆ ನಾನು ಕುಳಿತೆ. ಊರು ದಾಟುವುದರೊಳಗೆ ಅವಳು ಮಾತು ಶುರು ಮಾಡಿದಳು.

“ಮದುವಿ ದಿನ ನೀವು ನನ್ನ ಮಾರಿ ನೋಡಲಿಲ್ರಿ,” ಎಂದಳು. “ನಮ್ಮಪ್ಪ ಕೊಟ್ಟ ಟಗರಿನ ಹಲ್ಲ ನೋಡಾಕತ್ತಿದ್ರಿ.”

ಮುಂದಿನ ಸೀಟಿನಲ್ಲಿದ್ದ ಹೆಂಗಸು ತಿರುಗಿ ನಕ್ಕಳು. ಇವಳಿಗೆ ಅಷ್ಟೇ ಸಾಕಾಯಿತು.

“ಅಕ್ಕಾರ, ಇವರು ಹಲ್ಲ ನೋಡಿ ವಯಸ್ಸ ಹೇಳ್ತಾರ್ರಿ. ನೀವು ಬಾಯಿ ಮುಚ್ಚಿ ಕುಂದರ್ರಿ.”

ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ಹೆದ್ದಾರಿ ಬಿಟ್ಟು ಹುಕ್ಕೇರಿಯ ದಾರಿ ಹಿಡಿದರೂ ಅವಳ ಮಾತು ಮುಗಿಯಲಿಲ್ಲ. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿಯೂ ಮಾತೇ. ನಾನು ಅವಳ ಮಾತು ಕೇಳುತ್ತಿರಲಿಲ್ಲ. ಅವಳ ಕಣ್ಣು ನೋಡುತ್ತಿದ್ದೆ. ಜೋಳದ ಎಳೆ ಕುಡಿ ತಿಂದು ನಂಜೇರಿದ ಕುರಿಯ ಕಣ್ಣು ನೋಡುವ ಹಾಗೆ ನೋಡುತ್ತಿದ್ದೆ. ಒಂದು ವರ್ಷದಿಂದ ಅವಳು ಹೀಗೆ ಮಾತಾಡಿರಲಿಲ್ಲ. ನೋವು ಅವಳ ಬಾಯಿ ಕಟ್ಟಿತ್ತು, ಈಗ ಬಿಚ್ಚಿದೆ ಎಂಬುದು ನನಗೆ ಹೊಳೆಯಲಿಲ್ಲ. ಇದು ಅಮಲು ಎಂಬುದು ಮಾತ್ರ ಕೂಡಲೇ ಹೊಳೆಯಿತು. ಇಷ್ಟು ದಿನಕ್ಕೇ ಹೀಗೆ ತಲೆಗೇರಿದರೆ ಮುಂದೆ ಏನು ಗತಿ ಎಂದುಕೊಂಡೆ. ಈಗಲೇ ಇದಕ್ಕೆ ಪಳಗಿಬಿಟ್ಟರೆ, ನಿಜವಾದ ನೋವು ಬಂದ ದಿನ ಯಾವ ಔಷಧ ನಾಟೀತು ಎಂದುಕೊಂಡೆ. ಬಸ್ಸು ಇಳಿಯುವುದರೊಳಗೆ ನಾನು ತೀರ್ಮಾನ ಮಾಡಿಯಾಗಿತ್ತು.

ಮನೆಗೆ ಬಂದವನೇ ಗುಳಿಗೆಗಳನ್ನು ಕುರಿಯ ಔಷಧದ ತಗಡಿನ ಪೆಟ್ಟಿಗೆಯಲ್ಲಿಟ್ಟೆ. ತಳದಲ್ಲಿ, ಬಲವಾದ ಬಾಟಲಿಯ ಬಾಜೂಕ್ಕೆ. ಊರಿನ ಅಂಗಡಿಯಿಂದ ಮೈ ಕೈ ನೋವಿಗೆ, ಜ್ವರಕ್ಕೆ ತಗೊಳ್ಳುವ ಸಾದಾ ಗುಳಿಗೆ ತಂದೆ. ಹೊತ್ತು ತಪ್ಪದಂತೆ ಅದನ್ನೇ ಕೊಡತೊಡಗಿದೆ. ಗಡಿಯಾರ ಮಾತ್ರ ಸರಿಯಾಗಿ ನೋಡಿದೆ.

ಮೊದಲ ಸಲ ಅದನ್ನು ಅಂಗೈಯಲ್ಲಿ ಹಿಡಿದು ಅವಳು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

“ಇದ ದೊಡ್ಡದ ಐತಲ್ರಿ?”

“ಕಂಪನಿ ಬ್ಯಾರೆ ಐತಿ.”

“ಹೌದೇನ್ರಿ.” ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನುಂಗಿ ನೀರು ಕುಡಿದಳು.

ಮರುದಿನ ಅವಳ ಮೈ ಬೆವರತೊಡಗಿತು. ಆಕಳಿಕೆಯ ಮೇಲೆ ಆಕಳಿಕೆ, ಮೂಗು ಸೋರುವುದು, ಹೊಟ್ಟೆ ಹಿಂಡುವುದು. ಕುಳಿತಲ್ಲಿ ಕೂರಲಾರಳು. ಅದನ್ನು ಕಂಡು ನನಗೆ ಭಯವಾಗಬೇಕಿತ್ತು. ನನಗೆ ಆದದ್ದು ಒಂದು ರೀತಿಯ ಸಮಾಧಾನ. ನೋಡು, ನಾನು ಹೇಳಿದ್ದೇ ಖರೆಯಾಯಿತು, ಇಷ್ಟರಲ್ಲೇ ಚಟ ಹತ್ತಿತ್ತು, ಸರಿಯಾದ ಹೊತ್ತಿಗೆ ಬಿಡಿಸಿದೆ ಎಂದುಕೊಂಡೆ. ಮೈ ಒಂದು ಔಷಧಕ್ಕೆ ಹೊಂದಿಕೊಂಡಿರುವಾಗ ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ, ಅದು ಚಟವಲ್ಲ, ನಿಲ್ಲಿಸುವುದಿದ್ದರೆ ಮೆಲ್ಲಗೆ ಇಳಿಸುತ್ತ ಬರಬೇಕು ಎಂದು ಆ ಡಾಕ್ಟರು ನನಗೆ ಬಿಡಿಸಿ ಹೇಳಿದ್ದು ಬಹಳ ತಡವಾಗಿ. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದಳು. ನಾನು ಕೇಳಲಿಲ್ಲ.

ಬೆವರು ನಿಂತಿತು. ನೋವು ತಿರುಗಿ ಬಂತು. ಅದು ಬಂದದ್ದು ನನಗೆ ಕಾಣದಂತೆ ಅವಳು ನೋಡಿಕೊಂಡಳು. ಪಡಸಾಲೆಯ ಕಂಬಕ್ಕೆ ಒರಗಿ, ಕಂಬಳಿಯ ಒಂದು ಮೂಲೆಯನ್ನು ಹಲ್ಲಿನಲ್ಲಿ ಹಿಡಿದು ಕೂರುತ್ತಿದ್ದಳು. ನಾನು ಒಳಗೆ ಬಂದರೆ ಬಿಡುತ್ತಿದ್ದಳು. ಆ ಮೂಲೆ ಯಾವಾಗಲೂ ಹಸಿಯಾಗಿರುತ್ತಿತ್ತು.

“ತ್ರಾಸ ಐತೇನು?” ಎಂದು ಕೇಳುತ್ತಿದ್ದೆ.

“ಅಷ್ಟೇನಿಲ್ಲ ಬಿಡ್ರಿ.”

ಅಷ್ಟೇನಿಲ್ಲ ಎಂದರೆ ಸಾದಾ ಗುಳಿಗೆಯೇ ಸಾಕಾಗಿದೆ ಎಂದು ನಾನು ಅರ್ಥ ಮಾಡಿಕೊಂಡೆ. ಹಾಗೆ ಅರ್ಥ ಮಾಡಿಕೊಳ್ಳುವುದು ನನಗೆ ಬೇಕಾಗಿತ್ತು. ನೋವನ್ನು ಪೂರ್ತಿ ಅಳಿಸುವುದೂ ಒಳ್ಳೆಯದಲ್ಲ ಎಂಬ ಇನ್ನೊಂದು ಮಾತು ನನ್ನ ಹತ್ತಿರ ಸಿದ್ಧವಾಗಿತ್ತು. ಕುಂಟುವ ಕುರಿಯ ಕಾಲಿನ ನೋವು ಸತ್ತರೆ ಅದು ಕಾಲೂರಿ ಇನ್ನಷ್ಟು ಮುರಿದುಕೊಳ್ಳುತ್ತದೆ, ಅದಕ್ಕೆ ನಾವು ಸ್ವಲ್ಪ ನೋವು ಉಳಿಸುತ್ತಿದ್ದೆವು. ಅವಳ ಎಲುಬು ಯಾವ ನಡಿಗೆಗೆ ಉಳಿಯಬೇಕಾಗಿತ್ತು, ಯಾವ ಊರಿಗೆ ಹೋಗಲಿಕ್ಕೆ, ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಅವಳು ರೊಟ್ಟಿಯ ತುತ್ತು ಬಾಯಿಗಿಟ್ಟುಕೊಂಡಳು. ಅಗಿಯಲಿಲ್ಲ. ಗೋಡೆಯ ಕಡೆ ನೋಡುತ್ತ ಕುಳಿತಳು. ತುತ್ತು ಒಂದು ಕೆನ್ನೆಯಲ್ಲಿ ಉಬ್ಬಿಕೊಂಡು ಹಾಗೇ ಇತ್ತು. ಹಿಂಡಿನಲ್ಲಿ ಇಂಥದ್ದನ್ನು ಕಂಡಿದ್ದರೆ ನಾನು ಊಟ ಬಿಟ್ಟು ಏಳುತ್ತಿದ್ದೆ. ಅವತ್ತೂ ಎದ್ದೆ. ಕೈ ತೊಳೆದುಕೊಂಡು ಕುರಿಗಳ ಕಡೆ ಹೋದೆ.

ಸಂಜೆ ಹೊತ್ತು ಅವಳನ್ನು ನೋಡಲಾರದೆ ಹೋದಾಗ ನಿಜವಾದ ಗುಳಿಗೆಯಲ್ಲಿ ಅರ್ಧ ಮುರಿದು ಕೊಡುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದಳು. ಅರ್ಧಕ್ಕೇ ಇಷ್ಟು ಗುಣವಿರುವ ಔಷಧ ಕಡೆಗಾಲಕ್ಕೆ ಎಷ್ಟು ಕೆಲಸ ಮಾಡೀತು ಎಂದು ಪೆಟ್ಟಿಗೆಯ ಕಡೆ ನೋಡುತ್ತಿದ್ದೆ. ಜಿಪುಣನು ಗಂಟು ನೋಡುವ ಹಾಗೆ ನೋಡುತ್ತಿದ್ದೆ.

ಗುಳಿಗೆ ತೀರಬೇಕಾಗಿದ್ದ ಹೊತ್ತಿಗೆ ಬೆಳಗಾವಿಗೆ ಹೋಗುತ್ತಿದ್ದೆ. “ಹ್ಯಾಂಗ ಅದಾರ್ರಿ ಕಾಕಿ?” ಎಂದು ಡಾಕ್ಟರು ಕೇಳುತ್ತಿದ್ದಳು.

“ಆರಾಮ ಅದಾರ್ರಿ.”

“ಊಟ, ನಿದ್ದಿ?”

“ಎಲ್ಲಾ ಚಲೋ ಐತ್ರಿ.”

ಅವಳಿಗೆ ಸಂತೋಷವಾಗುತ್ತಿತ್ತು. ಮತ್ತೆ ಅಷ್ಟೇ ಗುಳಿಗೆ ಬರೆದುಕೊಡುತ್ತಿದ್ದಳು. ಅವೂ ಪೆಟ್ಟಿಗೆಗೆ ಹೋಗುತ್ತಿದ್ದವು. ಮನೆಯಲ್ಲಿ ನನ್ನ ಹೆಂಡತಿ ಕಂಬಕ್ಕೆ ಒರಗಿ ಕೂರುವುದು ಬಿಟ್ಟು ಮಲಗಿದಳು. ಮಲಗಿದವಳು ಮಗ್ಗುಲು ಬದಲಿಸುವುದನ್ನು ಬಿಟ್ಟಳು. ಅತ್ತ ತಗಡಿನ ಪೆಟ್ಟಿಗೆಯ ಮುಚ್ಚಳ ಒತ್ತಿ ಹಾಕಬೇಕಾಗಿ ಬಂತು.

ಮೂಡಲಗಿಗೆ ಕೊಟ್ಟ ಮಗಳು ಬಂದಳು. ಅವ್ವನನ್ನು ನೋಡಿದವಳು ಸೀದಾ ನನ್ನ ಹತ್ತಿರ ಬಂದಳು.

“ಯಪ್ಪಾ, ಗುಳಗಿ ಕೊಡಾಕತ್ತೀಯೋ ಇಲ್ಲೋ?”

“ಕೊಡಾಕತ್ತೇನಲ್ಲ. ಗಡಿಯಾರ ನೋಡಿ ಕೊಡಾಕತ್ತೇನಿ.”

“ಮತ್ತ ಅವ್ವ ಹಿಂಗ್ಯಾಕ ಅದಾಳ?”

“ಬ್ಯಾನಿ ಅಂಥಾದ್ದೈತಿ, ತಂಗಿ.”

ಅವಳು ಒಳಗೆ ಹೋಗಿ ಅವ್ವನ ಪಕ್ಕ ಕುಳಿತಳು. ಇಬ್ಬರೂ ಬಹಳ ಹೊತ್ತು ಸಣ್ಣ ದನಿಯಲ್ಲಿ ಏನೋ ಮಾತಾಡಿದರು. ಹೊರಗೆ ಬಂದಾಗ ಮಗಳ ಕಣ್ಣು ಕೆಂಪಾಗಿತ್ತು. ನನ್ನನ್ನು ಮತ್ತೆ ಏನೂ ಕೇಳಲಿಲ್ಲ. ನನ್ನ ಊಟದ ತಾಟು ತಾನೇ ತಂದಿಟ್ಟು, “ಉಣ್ಣಪಾ, ನೀನೂ ಸೊರಗೀದಿ,” ಎಂದಳು. ನನ್ನ ಮಾತು ನಂಬಿದಳು ಎಂದುಕೊಂಡು ಉಂಡೆ.

ಘೋಡಗೇರಿಯಿಂದ ನನ್ನ ಹೆಂಡತಿಯ ತಮ್ಮ ಬಂದು ಹೋಗುತ್ತಿದ್ದ. ವರ್ಷಗಟ್ಟಲೆ ನಾನೂ ಅವನೂ ಹಿಂಡು ಕೂಡಿಸಿ ಮೇಯಿಸಿದವರು. ಅಕ್ಕನ ಕಾಲ ಬಳಿ ಕುಳಿತು ತಂಬಾಕು ತಿಕ್ಕುತ್ತ, “ಮಾಂವಾ, ಔಷಧ ನಿನ್ನ ಕೈಯಾಗ ಐತಿ ಅಂದ್ರ ನಮಗ ಚಿಂತಿ ಇಲ್ಲ,” ಎನ್ನುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡಿರುತ್ತಿದ್ದಳು.

ಮಳೆ ಹಿಡಿಯಿತು. ಗಾಳಿ ನಮ್ಮ ಕಡೆ ತಿರುಗಿದಾಗ ಧುಪದಾಳದ ಒಡ್ಡಿನ ಮೇಲಿಂದ ನೀರು ಬೀಳುವ ಸದ್ದು ಹೊಲದ ತನಕ ಬರುತ್ತಿತ್ತು. ಹೊಳೆ ಕೆಂಪಾಗಿತ್ತು. ಬೆಳಿಗ್ಗೆ ಎದ್ದು ಪೆಟ್ಟಿಗೆಯ ತಳದಿಂದ ಬಲವಾದ ಬಾಟಲಿ ತೆಗೆದು ಕುರಿಗಳಿಗೆ ಹಾಕಲು ಹೋದೆ. ಬಾಟಲಿಯ ಬಾಜೂಕ್ಕಿದ್ದ ಗುಳಿಗೆಯ ಪಟ್ಟಿಗಳನ್ನು ಸರಿಸಿದ್ದೂ ನೆನಪಿದೆ. ಒಂದೊಂದೇ ಕುರಿಯ ಬಾಯಿ ಬಿಡಿಸಿ ಔಷಧ ಹಾಕುತ್ತಿದ್ದೆ. ಆಗ ಮನೆಯ ಕಡೆಯಿಂದ ಆಡು ಕೂಗಿದ ಹಾಗಾಯಿತು. ನಮ್ಮ ಮನೆಯಲ್ಲಿ ಆಡು ಇರಲಿಲ್ಲ.

ನಾನು ಓಡಿದೆ. ಸೇವೆಗೆಂದು ಬಂದು ಉಳಿದಿದ್ದ ಮಗಳು ಅವ್ವನ ತಲೆಯನ್ನು ತೊಡೆಯ ಮೇಲೆ ಹಿಡಿದು ಕುಳಿತಿದ್ದಳು. ನನ್ನ ಹೆಂಡತಿ ಬಾಯಿ ತೆರೆದು ಕೂಗುತ್ತಿದ್ದಳು. ಇಷ್ಟು ತಿಂಗಳಲ್ಲಿ ಒಮ್ಮೆಯೂ ಕೂಗದವಳು. ಆ ಹೊತ್ತು ಬಂತು ಎಂದು ನನಗೆ ತಿಳಿಯಿತು. ಯಾವುದಕ್ಕೆ ಕೂಡಿಟ್ಟಿದ್ದೆನೋ ಆ ಹೊತ್ತು. ಪೆಟ್ಟಿಗೆ ತಂದು, ಗುಳಿಗೆ ತೆಗೆದು ಅವಳ ಬಾಯಿಗೆ ಹಾಕಿ ನೀರು ಹೊಯ್ದೆ. ನೀರು ಕಟಬಾಯಿಯಿಂದ ಹೊರಗೆ ಬಂತು. ಅದರ ಜೊತೆ ಗುಳಿಗೆಯೂ ಬಂತು. ಇನ್ನೊಂದು ಹಾಕಿದೆ. ಅದೂ ಬಂತು. ಅವಳು ನುಂಗುವ ಶಕ್ತಿ ಕಳೆದುಕೊಂಡಿದ್ದಳು.

ಅಂಗಳಕ್ಕೆ ಬಂದು ಮಳೆಯಲ್ಲೇ ನಿಂತು ಡಾಕ್ಟರಿಗೆ ಫೋನು ಮಾಡಿದೆ. ಅವಳು ಗಾಬರಿಯಾಗದೆ ಕೇಳಿದಳು.

“ಗುಳಗಿ ಅರದು, ಎರಡ ಹನಿ ನೀರಾಗ ಕಲಸಿ ಗಲ್ಲದ ಒಳಗ ಹಚ್ಚಬಹುದು. ಎಷ್ಟು ಅಂತ ಹೇಳ್ತೇನಿ. ಇಲ್ಲೀತನ ದಿನಾ ಹೇಳಿದಷ್ಟೂ ಕೊಟ್ಟೀರಿ ಹೌದಲ್ಲೋ?”

ಹೌದು ಎನ್ನಲು ಬಾಯಿ ತೆರೆದೆ. ಕುರಿಗೆ ಔಷಧ ಹಾಕಿದ ಕೈ ನನ್ನದು. ರೂಢಿಯಿಲ್ಲದ ಮೈಗೆ ಒಮ್ಮೆಲೇ ಹೆಚ್ಚು ಹಾಕಿದರೆ ಏನಾಗುತ್ತದೆ ಎಂದು ಗೊತ್ತಿತ್ತು. ಈ ಒಂದು ಸುಳ್ಳು ಅವಳನ್ನು ಕೊಲ್ಲಬಹುದಾಗಿತ್ತು.

“ಇಲ್ರಿ,” ಎಂದೆ. “ಒಮ್ಮೊಮ್ಮೆ ಅರ್ಧ ಬಿಟ್ರ ಕೊಟ್ಟಿಲ್ರಿ. ಎಲ್ಲಾ ಅದಾವ್ರಿ. ಕಡೀಕ ಬೇಕಾಗ್ತಾವಂತ ಇಟ್ಟೇನ್ರಿ.”

“ಈ ಔಷಧ ದಿನಾ ಕೊಟ್ರೂ ನಾಟೂದ ಬಿಡೂದಿಲ್ರಿ ಕಾಕಾ,” ಎಂದಳು. “ಬೇಕಾದ್ರ ಹೆಚ್ಚ ಮಾಡ್ತಿದ್ವಿ. ಎಷ್ಟ ಬೇಕೋ ಅಷ್ಟು. ಈಗ ಇರಲಿ. ಬೈಯಾಕ ಹೊತ್ತಿಲ್ಲ. ಹೊಸದಾಗಿ ಶುರು ಮಾಡಿದಂಗ ಸಣ್ಣದರಿಂದ ಹಚ್ಚೂಣು. ಬರಕೊಳ್ರಿ.”

ಅವಳು ಹೇಳಿದ ಹಾಗೆ ಮಾಡಿದೆ. ನಾನು ಗುಳಿಗೆ ಅರೆಯುತ್ತಿದ್ದಾಗ ಮಗಳು ಗುಳಿಗೆಯ ಪಟ್ಟಿ ನೋಡಿದಳು.

“ಸಿಕ್ಕುವೇನಪಾ?” ಎಂದಳು.

ಏನು ಕೇಳಿದಳೆಂದು ನನಗೆ ತಿಳಿಯಲಿಲ್ಲ. ಹೂಂ ಎಂದೆ. ಗಡಿಯಾರ ನೋಡುತ್ತ, ಡಾಕ್ಟರಿಗೆ ಫೋನಿನಲ್ಲಿ ಹೇಳುತ್ತ, ಅವಳು ಹೇಳಿದಷ್ಟನ್ನು ಕೆನ್ನೆಯೊಳಗೆ ಹಚ್ಚುತ್ತ ಆ ದಿನ ಕಳೆಯಿತು. ಕೂಗು ನರಳಿಕೆಯಾಯಿತು, ನರಳಿಕೆ ಉಸಿರಾಯಿತು. ಅವಳು ನಿದ್ದೆ ಹೋದಳು.

ಮರುದಿನ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಅವಳು ಕಣ್ಣು ತೆರೆದು ಗಂಜಿ ಬೇಕೆಂದಳು. ಮಗಳು ಚಮಚದಲ್ಲಿ ತುಸುತುಸುವೇ ಹಾಕಿದಳು, ನಾಲ್ಕಾರು ಗುಟುಕು ಇಳಿಯಿತು. ಆಮೇಲೆ ಅವಳು ನನ್ನನ್ನು ಹತ್ತಿರ ಕರೆದಳು.

“ಎಲ್ಲಿ ಸಿಕ್ಕುವ್ರಿ?” ಎಂದಳು.

“ಏನು?”

“ಆ ಸಣ್ಣ ಗುಳಗಿ. ಭಾಳ ಅಡ್ಡಾಡಿದ್ರೇನ್ರಿ?”

ನಾನು ಅವಳ ಕಂಬಳಿ ಸರಿಪಡಿಸಿದೆ.

“ನೀವು ಸಾದಾ ಗುಳಗಿ ತಂದ ದಿನಾನ ನನಗ ತಿಳೀತು,” ಎಂದಳು. ಒಂದೊಂದು ಮಾತಿಗೂ ದಮ್ಮು ಹಿಡಿಯುತ್ತಿದ್ದಳು. “ಅವು ಸಿಗವಲ್ವು ಅಂತ. ಉಳದದ್ದನ್ನ ಅರ್ಧರ್ಧ ಮುರದು ಕೊಡ್ತಿದ್ರಿ. ಕೊಡೂ ಮುಂದ ನಿಮ್ಮ ಮಾರಿ ನೋಡಾಕ ಆಗ್ತಿದ್ದಿಲ್ರಿ. ಅದಕ್ಕ ನಾನೂ ಏನೂ ಅನ್ನಲಿಲ್ಲ. ಇಕೀಗೂ ಹೇಳಿದ್ನಿ, ನಿಮ್ಮಪ್ಪನ್ನ ಕೇಳಬ್ಯಾಡ, ತರಾಕ ಆಗವಲ್ದು, ಅಂವಗ ನಾಚಿಕಿ ಆಕ್ಕೈತಿ ಅಂತ.”

ಮಗಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಪೆಟ್ಟಿಗೆ ಅಲ್ಲೇ ನನ್ನ ಬೆನ್ನ ಹಿಂದೆ ಇತ್ತು. ಆಗ ಹೇಳಬೇಕಾಗಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಹೂಂ,” ಎಂದೆ. “ಭಾಳ ಅಡ್ಡಾಡಿದೆ.”

ಅವಳು ನನ್ನ ಕೈಯನ್ನು ತಟ್ಟಿದಳು. ಗುಳಿಗೆ ಅಡಗಿಸಿಟ್ಟದ್ದು ತಿಳಿಗೇಡಿತನ ಎಂದು ಯಾರಾದರೂ ಅಂದರೆ ಒಪ್ಪಿಕೊಂಡೇನು. ಈ ಒಂದು ಮಾತಿಗೆ ಅಂಥ ಹೆಸರಿಲ್ಲ. ನೋವು ತಿನ್ನಿಸಿದ್ದಲ್ಲದೆ ಅದಕ್ಕೆ ಪ್ರತಿಯಾಗಿ ಅವಳ ಉಪಕಾರದ ಮಾತನ್ನೂ ನಾನು ಇಸಿದುಕೊಂಡೆ.

ಆಮೇಲೆ ಅವಳು ಬಹಳ ದಿನ ಬದುಕಲಿಲ್ಲ. ಆದರೆ ಕೂಗಲಿಲ್ಲ. ಹೊತ್ತು ತಪ್ಪದೆ ಔಷಧ ಹಚ್ಚಿದೆವು. ಔಷಧ ನಾಟದೆ ಹೋಗಲಿಲ್ಲ, ಅವಳ ಬುದ್ಧಿಯೂ ಕೆಡಲಿಲ್ಲ. ಒಮ್ಮೆ ನಾನು ಅವಳ ಗಲ್ಲ ಹಿಡಿದು ಬಾಯಿ ಬಿಡಿಸಿ, ಬೆಳಕಿಗೆ ಬಗ್ಗಿ ನೋಡುತ್ತಿದ್ದಾಗ ಅವಳ ತುಟಿ ಅಲುಗಿತು.

“ಟಗರಿನ ಹಲ್ಲ ನೋಡ್ದಂಗ ನೋಡಬ್ಯಾಡ್ರಿ. ಔಷಧ ಹಾಕ್ರಿ.”

ಬಸ್ಸಿನಲ್ಲಿ ಕೇಳಿದ ದನಿ ಅದೇ. ನಾನು ಅಮಲು ಎಂದುಕೊಂಡಿದ್ದ ದನಿ. ಅದು ಮದುವೆಯಾದಾಗಿನಿಂದ ನನ್ನ ಮನೆಯಲ್ಲಿದ್ದ ಹೆಂಗಸಿನ ದನಿ. ನೋವಿಲ್ಲದಾಗ ಅವಳು ಹಾಗೇ ಇದ್ದಳು, ಮೊದಲಿನಿಂದಲೂ. ನಾನು ಗುಳಿಗೆ ಪೆಟ್ಟಿಗೆಗೆ ಹಾಕಿದಾಗ ಅವಳನ್ನೂ ಅದರೊಳಗೆ ಹಾಕಿ ಮುಚ್ಚಳ ಒತ್ತಿದ್ದೆ.

ಒಂದು ಮುಂಜಾನೆ, ಬಿಸಿಲು ಪಡಸಾಲೆಗೆ ಬಂದಾಗ ಹೋದಳು. ಉಳಿದ ಗುಳಿಗೆಗಳನ್ನು ಆಸ್ಪತ್ರೆಗೆ ತಿರುಗಿ ಕೊಟ್ಟು ಬಂದೆ. ಡಾಕ್ಟರು ಅವನ್ನು ತಗೊಂಡು ನನ್ನ ಮುಖ ನೋಡದೆ, “ಚಹಾ ಕುಡೀರಿ ಕಾಕಾ,” ಎಂದಳು. ನಾನು ಕುಡಿಯಲಿಲ್ಲ.

ಮಗಳು ಬಂದವರೆದುರಿಗೆಲ್ಲ ಒಂದೇ ಮಾತು ಹೇಳಿದಳು. ಅಪ್ಪ ಎಲ್ಲೆಲ್ಲೋ ಅಲೆದು ಔಷಧ ತಂದ, ಅವ್ವನ ಕಡೆಯ ದಿನಗಳು ಆರಾಮವಾಗಿ ಹೋದವು. ಮೂಡಲಗಿಯಲ್ಲಿ ಅವಳ ಅತ್ತೆಯ ಮನೆಯವರು ನನ್ನನ್ನು ಮಣೆ ಹಾಕಿ ಕೂರಿಸಿ, ಇಂಥ ಗಂಡ ಯಾರಿಗುಂಟು ಎಂದರು. ನಾನು ತಲೆ ತಗ್ಗಿಸಿ ಉಂಡೆ. ತಲೆ ತಗ್ಗಿಸಿದ್ದನ್ನು ದುಃಖ ಎಂದುಕೊಂಡರು. ಅಲ್ಲಿಂದ ಮುಂದೆ ಯಾರ ಮನೆಯಲ್ಲಿ ಇಂಥ ಬೇನೆ ಬಂದರೂ ನನ್ನ ಹೆಸರು ಬರತೊಡಗಿತು. ಕುರಿಯ ಔಷಧ ಬಲ್ಲವನು, ಹೆಂಡತಿಗೆ ನೋವು ತಿಳಿಯದಂತೆ ನೋಡಿಕೊಂಡವನು ಎಂದು. ಹಾಗೆ ಯಾರಾದರೂ ಒಬ್ಬರು ನನ್ನ ಬಾಗಿಲಿಗೆ ಬರುತ್ತಾರೆ ಎಂದು ನನಗೆ ಗೊತ್ತಿತ್ತು. ಯಾರು ಎಂದಷ್ಟೇ ಗೊತ್ತಿರಲಿಲ್ಲ.

ಈ ವರ್ಷ ಬಂದವನು ಘೋಡಗೇರಿಯ ನನ್ನ ಹೆಂಡತಿಯ ತಮ್ಮ. ಒಂದು ಕಡೆಯ ದವಡೆ ಬಾತು ಮುಖ ಸೊಟ್ಟಗಾಗಿತ್ತು. ತಂಬಾಕು ಇಡುತ್ತಿದ್ದ ಜಾಗವೇ. ಅಂಗಿಯ ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು ನನ್ನ ಮುಂದಿಟ್ಟ. ನೋಡಿದ ಕೂಡಲೇ ಗುರುತು ಸಿಕ್ಕಿತು.

“ಮಾಂವಾ, ಇವನ್ನ ದಿನಾ ತಗೋ ಅಂತಾರ,” ಎಂದ. ಮಾತು ಸ್ಪಷ್ಟವಾಗಿರಲಿಲ್ಲ, ಮೆಲ್ಲಗೆ ಆಡಿದ. “ಸದ್ಯಾಕ ಹಲ್ಲ ಕಚ್ಚಿ ತಡಕೊಂಡೇನಿ. ಕಡೀಕಂತ ಇಟ್ಟೇನಿ. ಜೋರಿಂದ ಪೆಟಗೀ ತಳಕ್ಕ ಇರಬೇಕಂತ ನೀನ ಹೇಳ್ತಿದ್ದೆಲ್ಲ.”

ಅವನ ಕಣ್ಣು ನೋಡಿದೆ. ಮೆಲುಕು ನಿಂತ ಕುರಿಯ ಕಣ್ಣು. ನಾನು ಹೇಳದೆ ಇದ್ದರೆ ಇವನೂ ಅದೇ ದಾರಿ ಹಿಡಿಯುತ್ತಾನೆ.

“ಅದು ಜಂತಿನ ಮಾತು,” ಎಂದೆ. “ನೋವಿಗೆ ಅದು ನಡೆಯೂದಿಲ್ಲ. ಈಗ ತಗೋ. ಗಡಿಯಾರ ನೋಡಿ ತಗೋ. ಸಾಲಲಿಲ್ಲಂದ್ರ ಡಾಕ್ಟರಿಗೆ ಹೇಳು, ಅವರು ಹೆಚ್ಚ ಮಾಡ್ತಾರ. ಕಡೀಕ ಇನ್ನೂ ಕೆಲಸ ಮಾಡ್ತೈತಿ.”

“ನಿನಗ ಹ್ಯಾಂಗ ಗೊತ್ತು?”

ಆಗ ಹೇಳಿದೆ. ಪೆಟ್ಟಿಗೆ, ಸಾದಾ ಗುಳಿಗೆ, ಕಂಬಳಿಯ ಮೂಲೆ, ಭಾಳ ಅಡ್ಡಾಡಿದೆ ಎಂದದ್ದು, ಎಲ್ಲ. ನಾನು ಮುಗಿಸಿದ ಮೇಲೆ ಬಹಳ ಹೊತ್ತು ಪಡಸಾಲೆಯ ಆ ಕಂಬದ ಕಡೆ ನೋಡಿದ.

“ಅಕ್ಕಗ ಖರೆ ಗೊತ್ತಿತ್ತೇನು?”

“ಇಲ್ಲ.”

ನೀರು ಕೇಳಿದ. ತಂದುಕೊಟ್ಟೆ. ಒಂದು ಗುಳಿಗೆ ಬಿಡಿಸಿ ನನ್ನೆದುರಿಗೇ ನುಂಗಿ, ಗೋಡೆಯ ಗಡಿಯಾರ ನೋಡಿಕೊಂಡ. ತಂಬಿಗೆಯನ್ನು ನನ್ನ ಕೈಗೆ ಕೊಡದೆ ನೆಲಕ್ಕಿಟ್ಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಬೆನ್ನು ಮಾಡಿಯೇ ಕೇಳಿದ.

“ಮಗಳಿಗೆ ನೀ ಹೇಳ್ತೀಯೋ, ನಾ ಹೇಳ್ಲೋ?”

ಅವನು ಗುಳಿಗೆ ತಪ್ಪಿಸುತ್ತಿಲ್ಲ ಎಂದು ಕೇಳಿದ್ದೇನೆ. ಕಾಲುವೆಯ ತನಕ ಹಿಂಡು ಹೊಡೆದುಕೊಂಡು ಹೋಗುತ್ತಾನಂತೆ. ನನ್ನ ಮನೆಗೆ ಮತ್ತೆ ಬಂದಿಲ್ಲ.

ನಾನು ಮೂಡಲಗಿಗೆ ಹೋದೆ. ಮಗಳು ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಚಹಾಕ್ಕೆ ಏಳುತ್ತಿದ್ದವಳನ್ನು ಕೂರಿಸಿ ಹೇಳಿದೆ. ಅವಳ ಕೈ ಮೊರದ ಮೇಲೆ ನಿಂತಿತು. ಆಮೇಲೆ ಮತ್ತೆ ಹಸನು ಮಾಡತೊಡಗಿದಳು. ಹರಳು ತೆಗೆದು ತೆಗೆದು ಬದಿಗೆ ಒಗೆದಳು. ಅಳಲಿಲ್ಲ, ಬೈಯಲಿಲ್ಲ. ಬೈದರೆ ಸಾಕೆಂದು ನಾನು ಕಾಯುತ್ತಿದ್ದೆ.

“ಬೆಳಗಾವಿಂದ ಬರೂ ಮುಂದ ಬಸ್ಸಿನ್ಯಾಗ ಅವ್ವ ಮಾತಾಡಿಕೋತ ಬಂದ್ಲಂದಿ,” ಎಂದಳು ಕಡೆಗೆ.

“ಹೂಂ. ಊರ ಬರೂತನ ಮಾತಾಡಿದ್ಲು.”

“ಟಗರಿನ ಹಲ್ಲಿಂದ ಬಿಟ್ಟು ಮತ್ತೇನ ಅಂದ್ಲು?”

ನೆನಪು ಮಾಡಿಕೊಳ್ಳಲು ನೋಡಿದೆ. ಹುಕ್ಕೇರಿಯ ಬಸ್ಸು ನಿಲ್ದಾಣ ನೆನಪಿದೆ. ಎರಡನೆಯ ಬಸ್ಸಿನ ಕಿಟಕಿಯ ಗಾಜು ಒಡೆದಿದ್ದು ನೆನಪಿದೆ. ಅವಳ ಕಣ್ಣು ನೆನಪಿದೆ, ಅದನ್ನೇ ನೋಡುತ್ತಿದ್ದೆನಲ್ಲ. ಅವಳ ತುಟಿ ಆಡುತ್ತಿದ್ದದ್ದೂ ನೆನಪಿದೆ. ಮಗಳ ಹೆಸರು ಒಮ್ಮೆ ಬಂದಂತೆ ನೆನಪು, ಮಾತು ಒಂದೂ ಇಲ್ಲ.

“ನಿನ್ನ ಬಗ್ಗೆನೂ ಏನೋ ಅಂದ್ಲು,” ಎಂದೆ. “ನಾ ಕೇಳಲಿಲ್ಲ, ತಂಗಿ.”

ಅವಳು ಮೊರವನ್ನು ನೆಲಕ್ಕಿಟ್ಟು ನನ್ನ ಕಡೆ ನೋಡಿದಳು. ಮುಂದಿನ ಮಾತಿಗೆ ಕಾಯುತ್ತಿದ್ದಳು. ನಾನು ಬಸ್ಸಿಗೆ ಎದ್ದು ಬರುವ ತನಕ ಕಾಯುತ್ತಲೇ ಇದ್ದಳು.